ವೆಲ್ಡಿಂಗ್ ಮೆಷಿನ್ ಜೊತೆ ಕಣ್ಣಿನ ಲೆಕ್ಕವೂ ಹಾಕಿ

ನಮ್ಮ ಬಯಲುಸೀಮೆ ಹಳ್ಳಿಗಳಲ್ಲಿ ಈಗ ಕೈಯಲ್ಲಿ ಎತ್ತಿ ಒಯ್ಯುವ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ಬಂದಿವೆ. ಒಳ್ಳೇದೇ. ಬಿತ್ತನೆ ಹದ ಇರೋದು ಎರಡು ಮೂರು ದಿನ. ಕೂರಿಗೆ ಮುರಿಯಿತೆಂದು ಪೇಟೆ ಶಾಪಿನ ಮುಂದೆ ಕೂತರೆ ಹದ ಆರಿಹೋಗುತ್ತೆ. ಆದರೆ ಮೆಷಿನ್‌ಗೆ ಸಾವಿರಗಟ್ಟಲೆ ಕೊಟ್ಟವರು ಕಣ್ಣಿಗೆ ಮಾತ್ರ ತಂಪು ಕನ್ನಡಕ ಸಾಕು ಅಂತಾರೆ. ಇದು ಖಂಡಿತ ಸಾಲದು.

ವೆಲ್ಡಿಂಗ್ ಬೆಳಕಿನ ಅತಿನೇರಳೆ ಕಿರಣ ಕಣ್ಣಿನ ಮೇಲ್ಪೊರೆಯನ್ನು ಸುಡುತ್ತದೆ. ಆಗಲೇ ಗೊತ್ತಾಗಲ್ಲ. ಕೆಲವು ಗಂಟೆ ಕಳೆದು, ರಾತ್ರಿ ಹೊತ್ತು, ಕಣ್ಣಿಗೆ ಮರಳು ತುಂಬಿದಂಗೆ ಉರಿ, ನೀರು. ಆಗ ಹಾಲು ಹಿಂಡುವುದು ಬಿಟ್ಟು ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.

ಕೈಯಲ್ಲಿ ಹಿಡಿಯುವ ಕರಿಗಾಜಿನ ಪರದೆ ಅಗ್ಗ. ಆದರೆ ಒಂದು ಕೈ ಅದಕ್ಕೇ ಹೋಗುತ್ತೆ, ಕಿಡಿ ಹೊತ್ತುವ ತನಕ ಜಾಗವೂ ಕಾಣಲ್ಲ. ಹಾಗಾಗಿ ಪರದೆ ಬದಿಗಿಟ್ಟು ಬರಿಗಣ್ಣಲ್ಲೇ ರಾಡ್ ತಾಗಿಸುತ್ತಾರೆ. ತಾನೇ ಕಪ್ಪಾಗುವ ಹೆಲ್ಮೆಟ್‌ನ ಉಪಯೋಗ ಇಲ್ಲೇ.

ಕೊಳ್ಳುವಾಗ ಬಣ್ಣ, ಚಿತ್ರ ನೋಡಬೇಡಿ, ಗಾಜಿನ ಅಂಚು ಓದಿ. 4/9-13 ಅಂತಿದ್ದರೆ ಸುಮ್ಮನಿದ್ದಾಗ 4ನೇ ನಂಬರ್, ಕಿಡಿ ಹೊತ್ತಿದಾಗ 9ರಿಂದ 13. ನಾವು ಬಳಸುವ 10 ಗೇಜ್ ರಾಡಿಗೆ 10 ಅಥವಾ 11ಕ್ಕೆ ಇಟ್ಟರೆ ಸರಿ. ಒಳ್ಳೆ ಗಾಜು ಕಪ್ಪಾಗದೇ ಇದ್ದಾಗಲೂ ಅತಿನೇರಳೆ ಕಿರಣ ತಡೆಯುತ್ತದೆ. ಇದನ್ನು ನಾವು ಕಣ್ಣಲ್ಲಿ ನೋಡಿ ತಿಳಿಯಲಾಗದು. ಅದಕ್ಕೇ ಇ.ಎನ್. 379 ಅಥವಾ ಅದರ ನಂತರದ ಐ.ಎಸ್.ಓ. 16321 ಗುರುತು ಇರಲೇಬೇಕು.

ಸೆನ್ಸರ್ ಎರಡಕ್ಕಿಂತ ನಾಲ್ಕಿದ್ದರೆ ಮೇಲು. ಟ್ರೇಲರ್ ಅಡಿ ಮಲಗಿ ಕೆಲಸ ಮಾಡುವಾಗ ಒಂದಕ್ಕೆ ಪೈಪು ಅಡ್ಡ ಬಂದರೆ ಇನ್ನೊಂದು ನೋಡುತ್ತೆ. ಬ್ಯಾಟರಿ ಬದಲಿಸಲು ಬರಬೇಕು. ಕಿಡಿ ಸಿಡಿದು ಹಾಳಾಗುವ ಹೊರಗಿನ ಪ್ಲಾಸ್ಟಿಕ್ ಹಾಳೆ ಬಿಡಿಯಾಗಿ ಸಿಗುತ್ತದೋ ಕೇಳಿ. ಅಂಗಡಿಯಿಂದ ಹೊರಗೆ ತಂದು, ಕಣ್ಣಿಗೆ ಇಟ್ಟುಕೊಳ್ಳದೆ, ಕೈಯಲ್ಲೇ ಬಿಸಿಲಿಗೆ ಹಿಡಿಯಿರಿ. ಗಾಜು ತಟ್ಟನೆ, ಎಲ್ಲ ಕಡೆ ಒಂದೇ ಸಮ ಕಪ್ಪಾಗಬೇಕು. ಮಿಣಕ್ ಮಿಣಕ್ ಅಂದರೆ ವಾಪಸ್ ಕೊಡಿ.

ಅಷ್ಟು ದುಡ್ಡಿಲ್ಲವೆ? ಗುರುತಿಲ್ಲದ ಅಗ್ಗದ ಹೆಲ್ಮೆಟ್‌ಗಿಂತ 11ನೇ ನಂಬರಿನ ಕರಿಗಾಜಿನ ಪರದೆಯೇ ವಾಸಿ. ಇಲ್ಲವೇ ನಾಲ್ಕು ಮನೆಯವರು ಸೇರಿ ಒಂದು ಒಳ್ಳೇದು ತನ್ನಿ.

ಇನ್ನೊಂದು ಮಾತು. ಕಬ್ಬಿಣ ಹಿಡಿದುಕೊಂಡು ಪಕ್ಕದಲ್ಲಿ ಕೂರುವುದು ಹೆಂಡತಿ, ಇಲ್ಲವೇ ಮಗ. ಮುಖ ತಿರುಗಿಸಿಕೋ ಅಂದರೆ ಸಾಲದು, ಅವರ ಕೈಗೂ ಒಂದು ಪರದೆ ಕೊಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಮುರಿದ ಕೂರಿಗೆಗೆ ಬೆಸುಗೆ ಹಾಕಬಹುದು, ಕಣ್ಣಿಗಲ್ಲ.