ಫಾರ್ವರ್ಡ್‌ಗೂ ಒಂದು ‘ನಾಳೆ ಬಾ’

ಹೋದ ಸೆಮಿಸ್ಟರ್, ಇಂಟರ್ನಲ್ಸ್ ಹಿಂದಿನ ರಾತ್ರಿ. ಹಾಸ್ಟೆಲ್ ಗ್ರೂಪಿಗೆ ಒಂದು ಮಸುಕಾದ ಫೋಟೋ ಬಂತು. ‘ಹಿಂದಿನ ಗೇಟ್ ಹತ್ರ ಕಳ್ಳರ ಗ್ಯಾಂಗ್ ಇದೆ, ಕೈಯಲ್ಲಿ ಚಾಕು ಇದೆ, ಎಲ್ಲರಿಗೂ ತಿಳಿಸಿ.’ ನಾವು ತಿಳಿಸಿದೆವು. ಕ್ಲಾಸ್ ಗ್ರೂಪು, ಬ್ರಾಂಚ್ ಗ್ರೂಪು, ಪಿಜಿಯಲ್ಲಿರೋರ ಗ್ರೂಪು, ಎಲ್ಲದಕ್ಕೂ. ಹತ್ತೇ ನಿಮಿಷದಲ್ಲಿ ಸುಮಾರು ಐವತ್ತು ಜನ ಕೈಗೆ ಸಿಕ್ಕಿದ ಬ್ಯಾಟು, ವಿಕೆಟ್ಟು ಹಿಡಿದು ಕೆಳಗಿಳಿದಿದ್ದೆವು.

ಗೇಟಿನ ಹತ್ತಿರ ಸಿಕ್ಕಿದ್ದು ಒಬ್ಬನೇ ಮನುಷ್ಯ. ಪಕ್ಕದಲ್ಲಿ ಏಳುತ್ತಿರುವ ಕಟ್ಟಡದಲ್ಲಿ ಕೂಲಿ ಮಾಡುವವನು. ಕನ್ನಡ ಬರುತ್ತಿರಲಿಲ್ಲ. ಕೈಯಲ್ಲಿದ್ದದ್ದು ಖಾಲಿ ನೀರಿನ ಕ್ಯಾನು. ಅಷ್ಟರಲ್ಲಿ ಯಾರೋ ಅವನ ಕೊರಳಪಟ್ಟಿ ಹಿಡಿದಾಗಿತ್ತು. ಮೆಸ್ಸಿನ ಅಣ್ಣ ಓಡಿ ಬಂದು “ಬಿಡ್ರೋ, ದಿನಾ ನೀರಿಗೆ ಬರ್ತಾನೆ ಕಣ್ರೋ ಇವನು” ಅನ್ನದೇ ಹೋಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸೋಕೆ ಇವತ್ತಿಗೂ ಮನಸ್ಸು ಬರುವುದಿಲ್ಲ. ಬೆಳಗ್ಗೆ ನೋಡಿದರೆ ಗ್ರೂಪಿನಲ್ಲಿ ಆ ಮೆಸೇಜೇ ಇರಲಿಲ್ಲ. ಅದರ ಬಗ್ಗೆ ಯಾರೂ ಮಾತಾಡಲೂ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ಅವತ್ತು ನಮ್ಮಲ್ಲಿ ಯಾರಿಗೂ ಒಬ್ಬನನ್ನು ಹೊಡೆಯಬೇಕು ಅನ್ನುವ ಆಸೆ ಇರಲಿಲ್ಲ. ನಮಗೆ ಭಯ ಆಗಿತ್ತು, ಅಷ್ಟೇ. ಆದರೆ ಇತಿಹಾಸ ಓದಿದರೆ ಆ ‘ಅಷ್ಟೇ’ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

1347ರಲ್ಲಿ ಹಡಗುಗಳ ಜೊತೆ ಪ್ಲೇಗ್ ಯುರೋಪಿಗೆ ಬಂತು. ರೋಗಕ್ಕೆ ಕಾರಣ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ಯಹೂದಿಗಳು ಬಾವಿಗಳಿಗೆ ವಿಷ ಹಾಕುತ್ತಿದ್ದಾರೆ ಅಂತ ಸುದ್ದಿ ಹಬ್ಬಿತು. ಯಹೂದಿಗಳೂ ಇದೇ ರೋಗದಿಂದ ಸಾಯುತ್ತಿದ್ದಾರಲ್ಲ ಅಂತ ಸ್ವತಃ ಪೋಪ್ ಆರನೇ ಕ್ಲೆಮೆಂಟ್ 1348ರಲ್ಲಿ ಆಜ್ಞೆ ಹೊರಡಿಸಿ ಹೇಳಿದರೂ ಜನ ಕೇಳಲಿಲ್ಲ. 1349ರ ಫೆಬ್ರವರಿಯಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ನೂರಾರು ಯಹೂದಿಗಳನ್ನು ಸುಟ್ಟು ಕೊಂದರು. ಗಮನಿಸಬೇಕಾದ ವಿಷಯ ಏನೆಂದರೆ, ಆ ಹೊತ್ತಿಗೆ ಸ್ಟ್ರಾಸ್‌ಬರ್ಗಿಗೆ ಪ್ಲೇಗ್ ಇನ್ನೂ ಬಂದೇ ಇರಲಿಲ್ಲ. ಭಯ ಮಾತ್ರ ಬಂದು ಮುಟ್ಟಿತ್ತು.

ಅದೇ ಪ್ಲೇಗಿಗೆ ಹೆದರಿದ ಇನ್ನೊಂದು ಊರು ಆಡ್ರಿಯಾಟಿಕ್ ಕಡಲ ದಂಡೆಯ ರಗೂಸ, ಇವತ್ತಿನ ಡುಬ್ರೋವ್ನಿಕ್. ಅವರು 1377ರಲ್ಲಿ ಒಂದು ನಿಯಮ ಮಾಡಿದರು. ರೋಗ ಇರುವ ಕಡೆಯಿಂದ ಬಂದವರು ಊರೊಳಗೆ ಕಾಲಿಡುವ ಮೊದಲು ಮೂವತ್ತು ದಿನ ಹೊರಗೆ ಕಾಯಬೇಕು. ಬೇರೆ ಕಡೆ ಅದೇ ನಲವತ್ತು ದಿನ ಆಯಿತು. ‘ಕ್ವಾರಂಟೈನ್’ ಅನ್ನೋ ಪದ ಹುಟ್ಟಿದ್ದು ಇಟಲಿಯವರ ಆ ‘ನಲವತ್ತ’ರಿಂದ. ಸ್ಟ್ರಾಸ್‌ಬರ್ಗಿನ ಭಯ ಯಾರು ಮಾಡಿದ್ದು ಅಂತ ಕೇಳಿತು. ರಗೂಸದ ಭಯ ಹೇಗೆ ಬರುತ್ತದೆ ಅಂತ ಕೇಳಿತು.

ನಮ್ಮ ಕಡೆಗೂ ಪ್ಲೇಗ್ ಬಂತು. 1896ರಲ್ಲಿ ಮುಂಬೈ, 1898ರಲ್ಲಿ ಬೆಂಗಳೂರು. ಈ ನಡುವೆ ಹೆದರಿದ ಬ್ರಿಟಿಷ್ ಸರ್ಕಾರ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಕೊರೊನಾ ಬಂದ 2020ರಲ್ಲೂ ಕೈಗೆತ್ತಿಕೊಂಡಿದ್ದು ಇದೇ ಕಾಯ್ದೆಯನ್ನು! ಪುಣೆಯಲ್ಲಿ ಸೈನಿಕರು ಮನೆಗಳಿಗೆ ನುಗ್ಗಿ, ರೋಗಿಗಳನ್ನು ಹುಡುಕಿ ಹೊರಗೆಳೆದರು. ಜನರಿಗೆ ಪ್ಲೇಗಿನ ಜೊತೆ ಸರ್ಕಾರದ ಭಯವೂ ಸೇರಿಕೊಂಡಿತು. ಅದೇ ವರ್ಷ ಜೂನ್ 22ರ ರಾತ್ರಿ ಚಾಫೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿಸಿದರು.

ಬೆಂಗಳೂರಿನ ಕಥೆಯಲ್ಲಿ ಇನ್ನೊಂದು ಮುಖ ಕಾಣುತ್ತದೆ. ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಜೊತೆಗೆ ಒತ್ತೊತ್ತಾದ ಪೇಟೆಯ ಆಚೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ನೇರ ರಸ್ತೆ, ಗಾಳಿ ಬೆಳಕು, ಮನೆಗಳ ಹಿಂದೆ ಕಸ ಸಾಗಿಸೋಕೆ ಓಣಿ. ಇವತ್ತು ಎಂಟನೇ ಕ್ರಾಸ್‌ನಲ್ಲಿ ಶಾಪಿಂಗ್ ಮಾಡುವಾಗ, ಗಾಂಧಿ ಬಜಾರಿನಲ್ಲಿ ದೋಸೆ ತಿನ್ನುವಾಗ, ಈ ಬಡಾವಣೆಗಳ ಹಿಂದೆ ಒಂದು ದೊಡ್ಡ ಭಯ ಇತ್ತು ಅಂತ ನಮಗೆ ನೆನಪಾಗುವುದೇ ಇಲ್ಲ.

ಹಾಗಾಗಿ ಭಯವೇ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ನಾವು ಲ್ಯಾಬ್‌ನಲ್ಲಿ ಫ್ಯೂಸ್ ಹಾಕೋದು, ಬಿಲ್ಡಿಂಗ್ ಡಿಸೈನ್‌ನಲ್ಲಿ ಸೇಫ್ಟಿ ಫ್ಯಾಕ್ಟರ್ ಇಡೋದು ಭಯದಿಂದಲೇ ಅಲ್ವಾ? ಭಯಕ್ಕೆ ಕಾರಣ ಸಿಕ್ಕಿದರೆ ಅದು ಕೆಲಸ ಮಾಡುತ್ತದೆ. ಕಾರಣ ಹುಡುಕುವ ತಾಳ್ಮೆ ಇಲ್ಲದಾಗ ಅದಕ್ಕೆ ಒಬ್ಬ ಮನುಷ್ಯ ಬೇಕಾಗುತ್ತಾನೆ. ಸಾಮಾನ್ಯವಾಗಿ ಅವನು ಹೊರಗಿನವನು, ಬಡವ, ನಮ್ಮ ಭಾಷೆ ಬಾರದವನು.

ಈ ತಾಳ್ಮೆ ಕೆಡಿಸೋದರಲ್ಲಿ ನಮ್ಮ ಫೋನುಗಳ ಪಾತ್ರ ದೊಡ್ಡದು. 2012ರ ಆಗಸ್ಟ್‌ನಲ್ಲಿ, ಅಸ್ಸಾಮಿನ ಗಲಭೆಯ ಬೆನ್ನಿಗೆ, ಬೆಂಗಳೂರಿನಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ಆಗುತ್ತದೆ ಅನ್ನೋ ವದಂತಿ ಹಬ್ಬಿತು. ಸಾವಿರಾರು ಜನ ಓದು, ಕೆಲಸ ಬಿಟ್ಟು ಗುವಾಹಟಿ ರೈಲು ಹತ್ತಿದರು. ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ ಹದಿನೈದು ದಿನ ಬಲ್ಕ್ ಎಸ್ಸೆಮ್ಮೆಸ್ ನಿಲ್ಲಿಸಿ, ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಜನಕ್ಕೆ ಕಳಿಸುವಂತಿಲ್ಲ ಅಂತ ಮಿತಿ ಹಾಕಿತು.

2018ರ ಜುಲೈ. ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪೊಂದು ಬೀದರ್ ಜಿಲ್ಲೆಯ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ‘ಮಕ್ಕಳ ಕಳ್ಳರು’ ಅನ್ನುವ ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮೊದಲೇ ಮುಂದಿನ ಊರು ಮುರ್ಕಿ ತಲುಪಿತು. ಅಲ್ಲಿ ಜನ ಅವರನ್ನು ತಡೆದು ಹೊಡೆದರು. ಒಬ್ಬರು ಪ್ರಾಣ ಬಿಟ್ಟರು. ಅವರು ಎಂಜಿನಿಯರ್, ನಾವು ನಾಳೆ ಆಗಬೇಕು ಅಂದುಕೊಂಡಿರುವುದೇ ಆಗಿದ್ದವರು. ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದು ಚಾಟ್‌ಗೆ ಇಳಿಸುವುದಾಗಿ ಹೇಳಿತು. ಎರಡು ಸಲವೂ ಉತ್ತರ ಒಂದೇ, ಐದು. ಆದರೆ ನಮ್ಮ ಹಾಸ್ಟೆಲ್ ಗೇಟಿಗೆ ಐವತ್ತು ಜನ ಸೇರೋಕೆ ಮೂರು ಗ್ರೂಪು ಸಾಕಾಗಿತ್ತು.

“ಮೆಸೇಜ್ ನಿಜವೇ ಆಗಿದ್ದರೆ? ಸುಮ್ಮನೆ ಕೂತಿರಬೇಕಿತ್ತಾ?” ಅಂತ ಫ್ರೆಂಡ್ ಒಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಸುಮ್ಮನೆ ಕೂರಬೇಕಿಲ್ಲ. ವಾರ್ಡನ್‌ಗೆ ಫೋನ್ ಮಾಡಬಹುದಿತ್ತು, 112ಕ್ಕೆ ಮಾಡಬಹುದಿತ್ತು, ಫೋಟೋ ಯಾರು ತೆಗೆದದ್ದು ಅಂತ ಗ್ರೂಪಿನಲ್ಲೇ ಕೇಳಬಹುದಿತ್ತು. ಐವತ್ತು ಜನರಲ್ಲಿ ಒಬ್ಬರೂ ಕೇಳಲಿಲ್ಲ. ನಾವೂ ಕೇಳಲಿಲ್ಲ.

1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದರಂತೆ. ರಾತ್ರಿ ಹೊತ್ತು ದೆವ್ವ ಬಂದು ಮನೆಯವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆಗೆದರೆ ಮುಗಿಯಿತು. ಬರಹ ಓದಿದರೆ ವಾಪಸ್ ಹೋಗಿ ಮಾರನೇ ದಿನ ಬರುತ್ತದೆ, ಮತ್ತೆ ಓದುತ್ತದೆ, ಮತ್ತೆ ಹೋಗುತ್ತದೆ. ಅಪ್ಪ ಅಮ್ಮ ಈ ಕಥೆ ಹೇಳಿದಾಗ ನಾವು ಬಿದ್ದು ಬಿದ್ದು ನಕ್ಕಿದ್ದೆವು. ಈಗ ಹಾಗೆ ನಗು ಬರುವುದಿಲ್ಲ. ಪರಿಚಯದವರ ದನಿಯಲ್ಲೇ ಬಂದು ಬಾಗಿಲು ತಟ್ಟುವ ದೆವ್ವ ನಮ್ಮ ಫೋನಿನಲ್ಲೂ ಇದೆ. ಹೆದರಿಕೆಯ ಮಧ್ಯೆಯೂ ಆ ಜನ ಯಾರನ್ನೂ ಹೊಡೆಯದ ಒಂದು ಉಪಾಯ ಹುಡುಕಿದ್ದರು, ಕಾಯಿಸುವುದು.

ಮುಂದಿನ ಸಲ ‘ಎಲ್ಲರಿಗೂ ತಿಳಿಸಿ’ ಅಂತ ಬಂದರೆ ನಾವು ಅದಕ್ಕೆ ‘ನಾಳೆ ಬಾ’ ಅನ್ನೋಣ ಅಂತ ಮಾಡಿದ್ದೇವೆ. ನೀರಿನ ಕ್ಯಾನಿನವನು ಆ ರಾತ್ರಿಯ ನಂತರ ನಮ್ಮ ಗೇಟಿಗೆ ಬಂದಿಲ್ಲ. ನೀರು ಎಲ್ಲಿಂದ ತರುತ್ತಿದ್ದಾನೋ, ಕೇಳಬೇಕು.