ಲ್ಯಾಬ್‌ಗೆ ಬೇಕಾದದ್ದು ವೇಗವೋ, ಭರವಸೆಯೋ?

ಕಳೆದ ವರ್ಷ ಪ್ರಾಯೋಗಿಕ ಪರೀಕ್ಷೆಗೆ ಎರಡು ವಾರ ಇರುವಾಗ ನಮ್ಮ ಕಂಪ್ಯೂಟರ್ ಲ್ಯಾಬ್‌ನ ಒಂದು ಸರ್ವರ್ ನಿಂತುಹೋಯಿತು. ಕೆಟ್ಟದ್ದು ಪವರ್ ಸಪ್ಲೈ ಮಾತ್ರ, ಡಿಸ್ಕ್‌ಗೆ ಏನೂ ಆಗಿರಲಿಲ್ಲ. ಆದರೆ ಸೀನಿಯರ್‌ಗಳ ಪೈಥಾನ್ ಪ್ರೋಗ್ರಾಂಗಳು, ಎಸ್‌ಕ್ಯೂಎಲ್ ಟೇಬಲ್‌ಗಳು ಇದ್ದ ವರ್ಚುವಲ್ ಮಶೀನ್‌ಗಳೆಲ್ಲ ಆ ಡಿಸ್ಕ್‌ನಲ್ಲೇ ಇದ್ದವು. ಪಕ್ಕದಲ್ಲಿ ಇನ್ನೊಂದು ಸರ್ವರ್ ಅರ್ಧ ಖಾಲಿ ಇದ್ದರೂ ಉಪಯೋಗವಾಗಲಿಲ್ಲ. ಬಿಡಿಭಾಗ ಬರುವವರೆಗೆ ಮೂರು ದಿನ ಎಲ್ಲರೂ ಕೈಕಟ್ಟಿ ಕೂತರು. ಪ್ರಥಮ ಪಿಯುಸಿಯಲ್ಲಿದ್ದ ನಾನು ಅದನ್ನು ನೋಡಿದ್ದೇನೆ.

ಈಗ ಲ್ಯಾಬ್‌ಗೆ ಮೂರನೇ ಯಂತ್ರ ಬಂದಿದೆ. ಅದರಲ್ಲಿ ನಾಲ್ಕು ಹಾರ್ಡ್ ಡಿಸ್ಕ್‌ಗಳಿವೆ. ವರ್ಚುವಲ್ ಮಶೀನ್‌ಗಳ ಡಿಸ್ಕ್‌ಗಳನ್ನೆಲ್ಲ ಅದರಲ್ಲಿಟ್ಟು, ಎರಡೂ ಸರ್ವರ್‌ಗಳಿಗೆ ನೆಟ್‌ವರ್ಕ್ ಮೂಲಕ ಕೊಡುವುದು ಸರ್ ಅವರ ಯೋಜನೆ. ಒಂದು ಸರ್ವರ್ ಕೆಟ್ಟರೆ ಅದೇ ವರ್ಚುವಲ್ ಮಶೀನ್ ಇನ್ನೊಂದರಲ್ಲಿ ಎದ್ದು ನಿಲ್ಲಬೇಕು. ಇದನ್ನು ಯಾವ ಪ್ರೋಟೋಕಾಲ್‌ನಲ್ಲಿ ಮಾಡುವುದು ಎಂಬ ಚರ್ಚೆ ಲ್ಯಾಬ್‌ನಲ್ಲಿ ಇನ್ನೂ ಮುಗಿದಿಲ್ಲ. ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ವಿವರಣೆ. ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೊಳ್ಳುವುದೆಂದರೆ ಲೈಬ್ರರಿಯಲ್ಲಿ ಪುಸ್ತಕದ ಹೆಸರು ಹೇಳಿ ಕೇಳಿದಂತೆ. ಹುಡುಕಿ ಕೊಡುವ ಕೆಲಸ ಲೈಬ್ರರಿಯನ್ ಅವರದು. ಬ್ಲಾಕ್ ಸ್ಟೋರೇಜ್ ಹಾಗಲ್ಲ. ಅಲ್ಲಿ ನಿಮಗೆ ಕಪಾಟಿನ ಬೀಗದ ಕೈಯನ್ನೇ ಕೊಡುತ್ತಾರೆ. ಎಷ್ಟನೇ ಅರೆಯಲ್ಲಿ ಏನಿಡಬೇಕು ಎಂಬುದು ನಿಮ್ಮ ಲೆಕ್ಕ. ಸರ್ವರ್ ಅದನ್ನು ತನ್ನೊಳಗಿನ ಡಿಸ್ಕ್ ಎಂದೇ ನಂಬಿ ಬಳಸುತ್ತದೆ.

ಚರ್ಚೆಯಲ್ಲಿ ನಾಲ್ಕು ಹೆಸರುಗಳು ಬಂದವು. ಫೈಬರ್ ಚಾನೆಲ್ ದೊಡ್ಡ ಡೇಟಾ ಸೆಂಟರ್‌ಗಳಲ್ಲಿ ಹೆಸರು ಮಾಡಿದ್ದು. ಆದರೆ ಅದಕ್ಕೆ ಬೇರೆಯೇ ಕಾರ್ಡ್, ಬೇರೆಯೇ ಸ್ವಿಚ್ ಬೇಕು. ಹಳೆಯ ಕಾರ್ಡ್‌ಗಳು ಅಗ್ಗಕ್ಕೆ ಸಿಗಬಹುದು, ಕೆಟ್ಟ ದಿನ ಅಂಥದ್ದನ್ನೇ ಹುಡುಕಿಕೊಂಡು ಎಲ್ಲಿಗೆ ಹೋಗುವುದು? ಎರಡನೆಯದು ಎಟಿಎ ಓವರ್ ಈಥರ್ನೆಟ್. ಐಪಿ, ಟಿಸಿಪಿ ಯಾವುದೂ ಇಲ್ಲದೆ ನೇರ ಈಥರ್ನೆಟ್ ಮೇಲೆ ಓಡುವ ಹಗುರವಾದ ವಿಧಾನ. ಆದರೆ ಅದು ರೂಟರ್ ದಾಟುವುದಿಲ್ಲ, ಪಾಸ್‌ವರ್ಡ್ ಕೇಳುವುದಿಲ್ಲ, ಬಲ್ಲವರೂ ಕಡಿಮೆ. ಮೂರನೆಯದು ಐಸ್ಕಸಿ. ಡಿಸ್ಕ್‌ಗಳ ಹಳೆಯ ಸ್ಕಸಿ ಆದೇಶಗಳನ್ನೇ ಟಿಸಿಪಿ ಮೇಲೆ ಸಾಗಿಸುತ್ತದೆ. 2004ರಲ್ಲಿ ಇಂಟರ್ನೆಟ್ ಮಾನದಂಡವಾಗಿ ಪ್ರಕಟವಾಯಿತು, 2014ರಲ್ಲಿ ಪರಿಷ್ಕರಣೆಗೊಂಡಿತು. ನಾಲ್ಕನೆಯದು ಎಲ್ಲಕ್ಕಿಂತ ಹೊಸದು, ಟಿಸಿಪಿ ಮೇಲಿನ ಎನ್‌ವಿಎಂಇ. ಅದರ ನಿಯಮಾವಳಿ 2018ರಲ್ಲಿ ಬಂತು, 2019ರ ಲಿನಕ್ಸ್ 5.0ರಲ್ಲಿ ಸೇರಿತು.

ನನ್ನ ಸಹಪಾಠಿಗಳಲ್ಲಿ ಹೆಚ್ಚಿನವರು ನಾಲ್ಕನೆಯದರ ಕಡೆ. 'ವೇಗದ್ದು ಇರುವಾಗ ಹಳೆಯದು ಯಾಕೆ?' ಎನ್ನುತ್ತಾರೆ. ಭೌತಶಾಸ್ತ್ರ ತರಗತಿಯಲ್ಲಿ ಮಾಡುವಂತೆ ಲೆಕ್ಕ ಹಾಕಿ ನೋಡೋಣ. ನಮ್ಮ ಡಿಸ್ಕ್ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಸುಮಾರು 4 ಮಿಲಿಸೆಕೆಂಡ್. ತಲೆ ಆ ಪಥಕ್ಕೆ ಸರಿಯಲು ಇನ್ನೂ 8 ಮಿಲಿಸೆಕೆಂಡ್ ಎಂದುಕೊಳ್ಳಿ. ಒಟ್ಟು 12. ಅಂದರೆ ಅಲ್ಲಲ್ಲಿ ಚದುರಿದ ಬ್ಲಾಕ್‌ಗಳನ್ನು ಓದುವಾಗ ಒಂದು ಡಿಸ್ಕ್ ಸೆಕೆಂಡಿಗೆ ಸುಮಾರು 80 ಕೆಲಸ ಮಾತ್ರ ಮುಗಿಸುತ್ತದೆ. ಲ್ಯಾಬ್‌ನೊಳಗಿನ ನೆಟ್‌ವರ್ಕ್‌ನಲ್ಲಿ ಸಂದೇಶ ಹೋಗಿ ಬರಲು ಒಂದು ಮಿಲಿಸೆಕೆಂಡ್ ಕೂಡ ಬೇಡ. ಪ್ರೋಟೋಕಾಲ್ ಬದಲಿಸಿ ಉಳಿಸುವುದು ಅದರಲ್ಲೂ ಒಂದು ಚೂರು. ದೊಡ್ಡ ಫೈಲ್ ನಕಲು ಮಾಡುವಾಗಲೂ ಗಿಗಾಬಿಟ್ ತಂತಿಯ ಮಿತಿ ಸೆಕೆಂಡಿಗೆ 125 ಮೆಗಾಬೈಟ್. ಯಾವ ಪ್ರೋಟೋಕಾಲ್ ಹಾಕಿದರೂ ಅದನ್ನು ದಾಟಲಾಗದು. ನಾಳೆ ಎಸ್‌ಎಸ್‌ಡಿಗಳೂ 10 ಗಿಗಾಬಿಟ್ ಸ್ವಿಚ್ಚೂ ಬಂದರೆ ನಾನೇ ಎನ್‌ವಿಎಂಇ ಪರ ಮಾತಾಡುತ್ತೇನೆ. ಇಂದಿನ ಲ್ಯಾಬ್‌ಗೆ ಅದರಿಂದ ಲಾಭವಿಲ್ಲ.

ಹಾಗಾಗಿ ನನ್ನ ಮತ ಐಸ್ಕಸಿಗೆ. ಲಿನಕ್ಸ್, ವಿಂಡೋಸ್ ಎರಡಕ್ಕೂ ಅದು ಗೊತ್ತು. ಇರುವ ಕೇಬಲ್, ಇರುವ ಸ್ವಿಚ್ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ತೊಂದರೆ ಬಂದಾಗ ಅದನ್ನು ಮೊದಲೇ ಎದುರಿಸಿದವರು ಸಾವಿರಾರು ಜನರಿದ್ದಾರೆ. ಮಾರ್ಚ್‌ನಲ್ಲಿ ನಾವು ಪರೀಕ್ಷೆ ಬರೆದು ಹೋಗುತ್ತೇವೆ. ಇಲ್ಲಿ ಉಳಿಯುವವರು ಸರ್ ಮತ್ತು ನಮ್ಮ ಜೂನಿಯರ್‌ಗಳು. ಅವರು ರಿಪೇರಿ ಮಾಡಲಾಗದ್ದನ್ನು ಬಿಟ್ಟು ಹೋಗುವುದು ಉಪಕಾರವಲ್ಲ, ಹೊರೆ.

ಆದರೆ ಐಸ್ಕಸಿ ಹಾಕಿದ ಮಾತ್ರಕ್ಕೆ ಎಲ್ಲ ಸರಿಯಾಗುವುದಿಲ್ಲ. ಕಳೆದ ತಿಂಗಳು ಶುಕ್ರವಾರದ ಬಿಡುವಿನಲ್ಲಿ, ಲ್ಯಾಬ್ ಖಾಲಿ ಇದ್ದಾಗ, ಸರ್ ಒಪ್ಪಿಗೆ ಪಡೆದು ನಾವು ಮೂವರು ಪ್ರಯೋಗ ಮಾಡಿದೆವು. ಒಂದೇ ಡಿಸ್ಕ್ ಅನ್ನು ಎರಡೂ ಸರ್ವರ್‌ಗಳಲ್ಲಿ ಒಟ್ಟಿಗೆ ತೆರೆದು ಬರೆದೆವು. ಸ್ವಲ್ಪ ಹೊತ್ತಿನಲ್ಲಿ ಫೈಲ್‌ಗಳು ಕಲಸುಮೇಲೋಗರವಾದವು. ಒಂದೇ ಕಪಾಟಿಗೆ ಇಬ್ಬರು ಲೈಬ್ರರಿಯನ್‌ಗಳು, ಒಬ್ಬರ ಪಟ್ಟಿ ಇನ್ನೊಬ್ಬರಿಗೆ ಗೊತ್ತಿಲ್ಲ, ಇನ್ನೇನಾದೀತು? ಖಾಲಿ ಡಿಸ್ಕ್ ಆದ್ದರಿಂದ ಬಚಾವಾದೆವು. ಒಂದು ಡಿಸ್ಕ್‌ಗೆ ಒಂದು ಹೊತ್ತಿನಲ್ಲಿ ಒಬ್ಬನೇ ಒಡೆಯ ಎಂಬ ನಿಯಮವನ್ನು ಗೋಡೆಯ ಮೇಲೆ ಬರೆದು ಹಾಕಬೇಕು.

ಇನ್ನು ಕರೆಂಟ್. ಸರ್ವರ್‌ಗಳಿಗೆ ಯುಪಿಎಸ್ ಇದೆ, ಮಧ್ಯದ ಸ್ವಿಚ್‌ಗೆ ಇಲ್ಲ. ಸ್ವಿಚ್ ಆರಿದರೆ ಎಲ್ಲ ವರ್ಚುವಲ್ ಮಶೀನ್‌ಗಳ ಡಿಸ್ಕ್ ಒಮ್ಮೆಲೇ ಮಾಯ. ಲಿನಕ್ಸ್‌ನ ಐಸ್ಕಸಿ ಸಾಮಾನ್ಯವಾಗಿ 120 ಸೆಕೆಂಡ್ ಕಾಯುತ್ತದೆ, ಆಮೇಲೆ ದೋಷ ತೋರಿಸುತ್ತದೆ. ನಮ್ಮ ಊರಿನಲ್ಲಿ ಕರೆಂಟ್ ಎರಡು ನಿಮಿಷಕ್ಕೆ ವಾಪಸ್ ಬರುತ್ತದೆಯೇ?

ಭದ್ರತೆಯ ಮಾತೂ ಇದೆ. ಐಸ್ಕಸಿಗೆ ಪಾಸ್‌ವರ್ಡ್ ಇಡಬಹುದು, ಆದರೆ ಸಾಗುವ ಮಾಹಿತಿಯನ್ನು ಅದು ತಾನಾಗಿ ಗೂಢಲಿಪಿಗೆ ಬದಲಿಸುವುದಿಲ್ಲ. ಆದ್ದರಿಂದ ಅದಕ್ಕೆ ಪ್ರತ್ಯೇಕ ಸ್ವಿಚ್ ಬೇಕು. ನಾವೆಲ್ಲ ಬಳಸುವ ವೈಫೈ ಜೊತೆ ಅದು ಸೇರಬಾರದು. ಕೊನೆಯದಾಗಿ ಬ್ಯಾಕಪ್. ಯಾರೋ ತಪ್ಪಿ ಅಳಿಸಿದರೆ ಯಾವ ಪ್ರೋಟೋಕಾಲ್ ಆದರೂ ಆ ಆದೇಶವನ್ನು ನಿಷ್ಠೆಯಿಂದ ಪಾಲಿಸುತ್ತದೆ. ಮೂರೂ ಡಿಸ್ಕ್‌ಗಳಿದ್ದಾಗ ಹರಡಿದ್ದ ಅಪಾಯ ಈಗ ಒಂದೇ ಯಂತ್ರಕ್ಕೆ ಬಂದು ಸೇರುತ್ತದೆ ಎಂಬುದನ್ನೂ ಮರೆಯಬಾರದು.

ಆದ್ದರಿಂದ ಪ್ರಾಂಶುಪಾಲರಲ್ಲಿ ಮತ್ತು ಆಡಳಿತ ಮಂಡಳಿಯಲ್ಲಿ ನನ್ನ ವಿನಂತಿ ಇಷ್ಟೇ. ದುಬಾರಿ ಕಾರ್ಡ್‌ಗಳು ಬೇಡ. ಒಂದು ಸಾಧಾರಣ ಗಿಗಾಬಿಟ್ ಸ್ವಿಚ್, ಅದಕ್ಕೊಂದು ಚಿಕ್ಕ ಯುಪಿಎಸ್, ಬ್ಯಾಕಪ್‌ಗೆ ಬೇರೆ ಕೋಣೆಯಲ್ಲಿಡುವ ಒಂದು ಡಿಸ್ಕ್ ಕೊಡಿಸಿ. ಸಹಪಾಠಿಗಳಲ್ಲಿ ಇನ್ನೊಂದು ಮಾತು: ಯಾವ ವಿಳಾಸ, ಯಾವ ಡಿಸ್ಕ್ ಯಾರದ್ದು, ಕೆಟ್ಟರೆ ಮೊದಲು ಏನು ನೋಡಬೇಕು ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆಯೋಣ. ಪ್ರಥಮ ಪಿಯುಸಿಯ ಇಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದು ಸರ್ವರ್ ಆರಿಸಿ, ಅವರ ಕೈಯಲ್ಲೇ ಎಲ್ಲವನ್ನೂ ಇನ್ನೊಂದರಲ್ಲಿ ಎಬ್ಬಿಸೋಣ. ಅವರು ನಮ್ಮನ್ನು ಕೇಳದೆ ಅದನ್ನು ಮಾಡಿದ ದಿನ ನಮ್ಮ ಆಯ್ಕೆ ಸರಿಯಾಗಿತ್ತು ಎಂದುಕೊಳ್ಳಬಹುದು.

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಿಜ್ಞಾನ ವಿಭಾಗ