ಕಣ್ಣಿಗೆ ಕಾಣದ ಅಂಜನ

ಉತ್ಸವ ಕಾಲಗಳಲ್ಲಿ ಹಂಚಲಾಗುವ ಪುಸ್ತಿಕೆಗಳಲ್ಲಿಯೂ ಪ್ರವಚನ ವೇದಿಕೆಗಳಲ್ಲಿಯೂ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. ಕಣ್ಣು ಹೇಗೆ ಕಾಣುತ್ತದೆ ಎಂಬುದನ್ನು ಆಧುನಿಕ ವಿಜ್ಞಾನ ಅರಿಯುವುದಕ್ಕೆ ಶತಮಾನಗಳ ಮೊದಲೇ ಜೈನಾಚಾರ್ಯರು ಹೇಳಿದ್ದಾರೆ; ಚಕ್ಷುರಿಂದ್ರಿಯವು ಅಪ್ರಾಪ್ಯಕಾರಿ ಎಂಬ ಸಿದ್ಧಾಂತವನ್ನು ಇಂದಿನ ವಿಜ್ಞಾನ ಸಮರ್ಥಿಸಿದೆ ಎಂಬುದೇ ಆ ಮಾತು. ಕೇಳುವವರಿಗೆ ಇದು ಹಿತವಾಗಿದೆ. ಆದರೆ ಹಿತವಾದುದೆಲ್ಲ ಸತ್ಯವಲ್ಲ. ಸತ್ಯವನ್ನು ವ್ರತವಾಗಿ ಸ್ವೀಕರಿಸಿದ ಸಮಾಜವು ಈ ಮಾತನ್ನು ಒಮ್ಮೆ ಒರೆಗೆ ಹಚ್ಚಿ ನೋಡುವುದು ಕರ್ತವ್ಯ.

ಆಚಾರ್ಯರು ಹೇಳಿದ್ದೇನು? ತತ್ತ್ವಾರ್ಥಸೂತ್ರದ ಪ್ರಥಮಾಧ್ಯಾಯದ 19ನೆಯ ಸೂತ್ರದಂತೆ, ವಿಷಯದ ಸಂಪರ್ಕದಿಂದ ಉಂಟಾಗುವ ವ್ಯಂಜನಾವಗ್ರಹವು ಕಣ್ಣಿಗೂ ಮನಸ್ಸಿಗೂ ಇಲ್ಲ. ಚರ್ಮ, ನಾಲಗೆ, ಮೂಗು, ಕಿವಿಗಳು ವಿಷಯವನ್ನು ಮುಟ್ಟಿ ಅರಿಯುತ್ತವೆ. ಕಣ್ಣು ಮುಟ್ಟದೆಯೇ ಅರಿಯುತ್ತದೆ. ಶ್ರವಣಬೆಳಗೊಳದ ಶಾಸನಗಳು ಕೀರ್ತಿಸುವ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಸರಳವಾದ ಯುಕ್ತಿಯೊಂದನ್ನು ಕೊಟ್ಟಿದ್ದಾರೆ. ಕಣ್ಣು ತನ್ನನ್ನು ಮುಟ್ಟಿದುದನ್ನೇ ಕಾಣುವುದಾದರೆ ತನಗೆ ಹಚ್ಚಿದ ಅಂಜನವನ್ನು ಕಾಣಬೇಕಾಗಿತ್ತು. ಆದರೆ ಅದು ಕಾಣುವುದಿಲ್ಲ.

ಈ ಯುಕ್ತಿಗೆ ಎದುರಾಳಿಗಳಿದ್ದರು. ಕಣ್ಣು ತೇಜಸ್ಸಿನಿಂದಾದುದು, ಅದರಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುತ್ತವೆ ಎಂದು ನೈಯಾಯಿಕರು ವಾದಿಸಿದರು. ರಾತ್ರಿಯಲ್ಲಿ ಹೊಳೆಯುವ ನಿಶಾಚರ ಪ್ರಾಣಿಗಳ ಕಣ್ಣುಗಳೇ ಅವರಿಗೆ ಸಾಕ್ಷಿ. ಗ್ರೀಕರಲ್ಲಿ ಯೂಕ್ಲಿಡ್ ಮತ್ತು ಟಾಲೆಮಿಯವರ ಮತವೂ ಬಹುಮಟ್ಟಿಗೆ ಇದೇ. ಕಣ್ಣಿನಿಂದ ಯಾವ ಕಿರಣವೂ ವಸ್ತುವಿನತ್ತ ಹೊರಡುವುದಿಲ್ಲ ಎಂಬುದು ಇಂದು ನಿಶ್ಚಿತವಾಗಿದೆ. ಆ ನಿರಾಕರಣೆಯ ಮಟ್ಟಿಗೆ ಆಚಾರ್ಯರ ಪಕ್ಷವೇ ಸರಿ. ಪುಸ್ತಿಕೆಗಳು ಇಲ್ಲಿಗೇ ನಿಲ್ಲುತ್ತವೆ. ಜಮೆಯ ಪುಟವನ್ನು ಮಾತ್ರ ತೋರಿಸಿ ಖರ್ಚಿನ ಪುಟವನ್ನು ಮಡಚಿಟ್ಟಂತಾಯಿತು.

ಮಡಚಿಟ್ಟ ಪುಟದಲ್ಲಿ ಇರುವುದು ಇದು. ಹನ್ನೊಂದನೆಯ ಶತಮಾನದಲ್ಲಿ ಅರಬ್ಬೀ ವಿದ್ವಾಂಸ ಇಬ್ನ್ ಅಲ್ ಹೈಥಮ್, ಬೆಳಕು ವಸ್ತುವಿನಿಂದ ಕಣ್ಣಿನೊಳಕ್ಕೆ ಬರುವುದರಿಂದಲೇ ದರ್ಶನವಾಗುತ್ತದೆ ಎಂದು ವಾದಿಸಿದನು. 1604ರಲ್ಲಿ ಕೆಪ್ಲರ್, ಅಕ್ಷಿಪಟಲದ ಮೇಲೆ ವಸ್ತುವಿನ ತಲೆಕೆಳಗಾದ ಬಿಂಬ ಮೂಡುತ್ತದೆಂದು ನಿರೂಪಿಸಿದನು. ಅಕ್ಷಿಪಟಲದ ವರ್ಣದ್ರವ್ಯದ ಅಣು ಬೆಳಕು ತಾಗಿದೊಡನೆ ರೂಪ ಬದಲಿಸುತ್ತದೆಂದು ತೋರಿಸಿದ ಜಾರ್ಜ್ ವಾಲ್ಡ್ 1967ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಬೆಳಕಿನ ಕೆಲವೇ ಕಣಗಳು ಸಾಕೆಂದು 1942ರ ಪ್ರಯೋಗವೊಂದು ಸಿದ್ಧಪಡಿಸಿತು. ಅಂದರೆ ಕಣ್ಣು ವಸ್ತುವನ್ನು ಮುಟ್ಟದಿದ್ದರೂ, ಬೆಳಕು ಕಣ್ಣನ್ನು ಮುಟ್ಟದೆ ನೋಟವಿಲ್ಲ.

ಜೈನ ತರ್ಕಗ್ರಂಥಗಳು ಈ ವಿಷಯದಲ್ಲಿ ಸುಮ್ಮನಿದ್ದಿದ್ದರೆ ಹೊಂದಿಸಿಕೊಳ್ಳಬಹುದಾಗಿತ್ತು. ಆದರೆ ಮಾಣಿಕ್ಯನಂದಿಗಳು ಪರೀಕ್ಷಾಮುಖದಲ್ಲಿ, ವಸ್ತುವಾಗಲಿ ಬೆಳಕಾಗಲಿ ಜ್ಞಾನಕ್ಕೆ ಕಾರಣವಲ್ಲ, ಅವು ಕತ್ತಲೆಯಂತೆಯೇ ತಿಳಿಯಲ್ಪಡುವ ವಿಷಯಗಳು ಮಾತ್ರ ಎಂದು ಸ್ಪಷ್ಟವಾಗಿ ಪ್ರತಿಪಾದಿಸಿದ್ದಾರೆ. ಅವರು ಕೊಟ್ಟ ದೃಷ್ಟಾಂತಗಳಲ್ಲಿ ಒಂದು ಮತ್ತೆ ಆ ನಿಶಾಚರ ಪ್ರಾಣಿಗಳೇ: ಅವು ಬೆಳಕಿಲ್ಲದೆಯೂ ಕಾಣುತ್ತವಲ್ಲ! ನೈಯಾಯಿಕರು ಬೆಕ್ಕಿನ ಕಣ್ಣಿನಲ್ಲಿ ಹೊರಡುವ ಕಿರಣವನ್ನು ಕಂಡರು. ಜೈನರು ಬೆಳಕು ಬೇಡದ ನೋಟವನ್ನು ಕಂಡರು. ವಾಸ್ತವದಲ್ಲಿ ಬೆಕ್ಕಿನ ಅಕ್ಷಿಪಟಲದ ಹಿಂದೆ ಕನ್ನಡಿಯಂತಹ ಪದರವಿದ್ದು, ಒಳಬಂದ ಅಲ್ಪ ಬೆಳಕನ್ನು ಅದು ಹಿಂದಿರುಗಿಸುತ್ತದೆ. ಆದ್ದರಿಂದಲೇ ಆ ಹೊಳಪು, ಮಬ್ಬಿನಲ್ಲಿಯೂ ಆ ನೋಟ. ಪೂರ್ಣಾಂಧಕಾರದಲ್ಲಿ ಬೆಕ್ಕಿಗೂ ಏನೂ ಕಾಣದು. ಎರಡು ಪಕ್ಷಗಳೂ ತಮಗೆ ದೊರೆತ ಸಾಧನಗಳಿಂದ ಪ್ರಾಮಾಣಿಕವಾಗಿ ತರ್ಕಿಸಿದವು. ಅದರಲ್ಲಿ ಅಗೌರವವೇನೂ ಇಲ್ಲ. ಅಗೌರವವಿರುವುದು, ಅವರು ಹೇಳದುದನ್ನು ಅವರ ಬಾಯಿಗೆ ತುರುಕುವುದರಲ್ಲಿ.

ಈ ಪುಸ್ತಿಕೆಗಳ ಇನ್ನೊಂದು ಉಪಾಯವನ್ನೂ ಗಮನಿಸಬೇಕು. ಪುಟದ ಎಡಭಾಗದಲ್ಲಿ ಸೂತ್ರ, ಬಲಭಾಗದಲ್ಲಿ ಕಣ್ಣಿನ ವೈಜ್ಞಾನಿಕ ಚಿತ್ರ. ಎರಡೂ ಒಂದೇ ಎಂದು ಎಲ್ಲಿಯೂ ಬರೆದಿರುವುದಿಲ್ಲ. ಓದುಗನ ಕಣ್ಣು ತಾನೇ ಹಾಗೆ ಓದಿಕೊಳ್ಳುತ್ತದೆ. ಹತ್ತಿರ ಹತ್ತಿರ ಇಟ್ಟವುಗಳನ್ನು ನೋಟವು ಒಂದೇ ಗುಂಪಾಗಿ ಗ್ರಹಿಸುತ್ತದೆಂಬುದನ್ನು ಜರ್ಮನಿಯ ಮನೋವಿಜ್ಞಾನಿ ಮ್ಯಾಕ್ಸ್ ವರ್ಟ್‌ಹೈಮರ್ 1923ರಲ್ಲಿ ಬರಿಯ ಚುಕ್ಕೆಗಳ ಸಾಲುಗಳಿಂದ ತೋರಿಸಿದನು. ಚಿತ್ರಕ್ಕೂ ಒಂದು ವ್ಯಾಕರಣವಿದೆ. ಅದರಲ್ಲಿಯೂ ಸುಳ್ಳು ಹೇಳಬಹುದು. ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶದೊಡನೆ ಕೂಟಲೇಖಕ್ರಿಯೆಯನ್ನೂ ಎಣಿಸಿದ್ದಾರೆ. ಲೆಕ್ಕದ ಪುಸ್ತಕದಲ್ಲಿ ಪರರ ಸರಕನ್ನು ತನ್ನದೆಂದು ಬರೆಯುವುದು ಕೂಟಲೇಖವೆಂದು ಪ್ರತಿಯೊಬ್ಬ ವ್ಯಾಪಾರಿಯೂ ಬಲ್ಲ. ಇಬ್ನ್ ಅಲ್ ಹೈಥಮ್ ಮತ್ತು ಕೆಪ್ಲರರ ಸರಕನ್ನು ಆಚಾರ್ಯರ ಖಾತೆಗೆ ಜಮೆ ಮಾಡುವುದು ಇನ್ನೇನು?

ಯುವಜನರಲ್ಲಿ ಧರ್ಮಾಭಿಮಾನ ಮೂಡಿಸಲು ಇಷ್ಟು ಅತಿಶಯೋಕ್ತಿ ಕ್ಷಮ್ಯವೆಂದು ಕೆಲವರು ಹೇಳಬಹುದು. ಫಲ ಇದಕ್ಕೆ ವಿರುದ್ಧವೇ ಆಗುತ್ತದೆ. ಪ್ರೌಢಶಾಲೆಯಲ್ಲಿ ಮಸೂರ ಮತ್ತು ಕಣ್ಣಿನ ಪಾಠ ಓದಿದ ಬಾಲಕಿ ಮನೆಗೆ ಬಂದು ಪುಸ್ತಿಕೆಯನ್ನು ತೆರೆದರೆ ಅರ್ಧಗಂಟೆಯಲ್ಲಿ ಲೋಪವನ್ನು ಹಿಡಿಯುತ್ತಾಳೆ. ಕಣ್ಣಿನ ವಿಷಯದಲ್ಲಿ ಸುಳ್ಳಾಡಿದವರು ಅಹಿಂಸೆ, ಅಪರಿಗ್ರಹಗಳ ವಿಷಯದಲ್ಲಿ ನಿಜವಾಡುತ್ತಾರೆಂದು ಅವಳು ಹೇಗೆ ನಂಬಬೇಕು?

ಹಾಗಾದರೆ ಹೆಮ್ಮೆಪಡುವಂತಹುದು ಏನೂ ಇಲ್ಲವೇ? ಇದೆ. ದೂರದಲ್ಲಿ ಏನೋ ಬೆಳ್ಳಗೆ ತೋರುತ್ತದೆ: ಅದು ಅವಗ್ರಹ. ಬೆಳ್ಳಕ್ಕಿಯೋ, ಪತಾಕೆಯೋ ಎಂಬ ವಿಚಾರಣೆ ಈಹೆ. ರೆಕ್ಕೆ ಬಡಿದು ಏರಿ ಇಳಿಯುವುದನ್ನು ಗಮನಿಸಿ ಬೆಳ್ಳಕ್ಕಿಯೇ ಎಂದು ನಿಶ್ಚಯಿಸುವುದು ಅವಾಯ. ಬೆಳಿಗ್ಗೆ ಕಂಡ ಹಕ್ಕಿಯೇ ಇದು ಎಂದು ಮುಂದೆ ಗುರುತಿಸಲು ಆಧಾರವಾಗುವುದು ಧಾರಣೆ. ನೋಟವೆಂದರೆ ಕೇವಲ ಬಿಂಬವಲ್ಲ, ಮೆಟ್ಟಿಲು ಮೆಟ್ಟಿಲಾಗಿ ಆಗುವ ನಿರ್ಣಯ ಎಂಬ ಈ ವಿವೇಚನೆ ಅಮೂಲ್ಯವಾದುದು. ಜಿನಬಿಂಬದ ಮುಂದೆ ನಿಂತವನಿಗೆ ಇದು ಅನುಭವವೇದ್ಯ. ಐದು ಹೆಡೆಗಳಿದ್ದರೆ ಸುಪಾರ್ಶ್ವನಾಥ, ಏಳಿದ್ದರೆ ಪಾರ್ಶ್ವನಾಥ ಎಂಬ ಸಾಮಾನ್ಯ ಸಂಕೇತವನ್ನು ಕಲಿಯದವನಿಗೆ ಕಾಣುವುದು ಹಾವು ಮತ್ತು ಕಲ್ಲು ಮಾತ್ರ. ಬಿಂಬ ಕಣ್ಣಿನಲ್ಲಿ ಮೂಡುತ್ತದೆ. ಅರ್ಥ ಧಾರಣೆಯಿಂದ ಬರುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಹೆಲ್ಮ್‌ಹೋಲ್ಟ್ಸ್, ದರ್ಶನವು ಅರಿವಿಗೆ ಬಾರದ ಅನುಮಾನವೆಂದು ಹೇಳಿದನು. ಸಾಮ್ಯವಿದೆ, ಆದರೆ ಅವನನ್ನೂ ಜೈನ ಖಾತೆಗೆ ಬರೆಯುವ ಆತುರ ಬೇಡ. ಅವನು ಕಣ್ಣನ್ನು ಉಪಕರಣಗಳಿಂದ ಅಳೆದು ಆ ನಿರ್ಣಯಕ್ಕೆ ಬಂದನು. ಆಚಾರ್ಯರು ಜೀವನ ಜ್ಞಾನಸ್ವಭಾವವನ್ನು ವಿಚಾರಿಸುತ್ತ ಬಂದರು. ದಾರಿಗಳು ಬೇರೆ, ಗುರಿಗಳೂ ಬೇರೆ.

ಮಂದಿರಗಳ ವಿಶ್ವಸ್ತ ಮಂಡಲಿಗಳು ಮುಂದಿನ ಪುಸ್ತಿಕೆಯನ್ನು ಅಚ್ಚಿಗೆ ಕಳಿಸುವ ಮೊದಲು ಆಚಾರ್ಯರ ಮೂಲವಾದವನ್ನು ಅದರ ಪೂರ್ವಪಕ್ಷದೊಡನೆ ಸೇರಿಸಲಿ. ವಿಜ್ಞಾನದ ಪುಟವನ್ನು ಬಲ್ಲವರಿಂದ ತಿದ್ದಿಸಲಿ. ಎರಡಕ್ಕೂ ಭೇದವಿರುವಲ್ಲಿ ಭೇದವನ್ನೇ ಬರೆಯಲಿ. ಪಾಠಶಾಲೆಯ ಮಕ್ಕಳಿಗೆ ಬೆಳ್ಳಕ್ಕಿಯ ದೃಷ್ಟಾಂತದೊಡನೆ ಒಂದು ಚಿಕ್ಕ ಪ್ರಯೋಗವನ್ನೂ ಮಾಡಿಸಲಿ. ಬಿಳಿಯ ಹಾಳೆಯಲ್ಲಿ ಎಡಗಡೆ ಒಂದು ಗುರುತು, ಅದರಿಂದ 8 ಸೆಂಟಿಮೀಟರ್ ಬಲಕ್ಕೆ ಒಂದು ಚುಕ್ಕೆ. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಗುರುತಿನಲ್ಲಿಯೇ ನೆಟ್ಟು, ಹಾಳೆಯನ್ನು ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಹಿಂದೆ ಮುಂದೆ ಸರಿಸಿದರೆ ಚುಕ್ಕೆ ಮಾಯವಾಗುತ್ತದೆ. ಅಲ್ಲಿ ಕಪ್ಪು ರಂಧ್ರವೂ ತೋರುವುದಿಲ್ಲ. ಬಿಳಿಯ ಹಾಳೆಯೇ ಅಖಂಡವಾಗಿ ಕಾಣುತ್ತದೆ. ಫ್ರಾನ್ಸಿನ ಮಾರಿಯೊಟ್ 1660ರ ದಶಕದಲ್ಲಿ ಕಂಡುಹಿಡಿದ ಈ ಅಂಧಬಿಂದು ಪ್ರತಿಯೊಂದು ಮಾನವ ನೇತ್ರದಲ್ಲಿಯೂ ಇದೆ. ತನ್ನ ಕೊರತೆ ಇಂತಹುದೆಂದು ಕಣ್ಣು ತಾನಾಗಿ ಎಂದಿಗೂ ಹೇಳುವುದಿಲ್ಲ. ಪರೀಕ್ಷಿಸಿದವರಿಗೆ ಮಾತ್ರ ಅದು ತಿಳಿಯುತ್ತದೆ.